ಯೆಹೂದ್ಯ ಪರಂಪರೆಯಲ್ಲಿ ಕಾಲ ಮತ್ತು ಅದರ ಸದ್ವಿನಿಯೋಗ

೧

ಮುಂಬಯಿಯ ಮಧ್ಯ ರೈಲುಮಾರ್ಗದಲ್ಲಿ ನಿತ್ಯವೂ ಓಡಾಡುವ ಕನ್ನಡಿಗರಿಗೆ ಮಸ್ಜಿದ್ ನಿಲ್ದಾಣ ಪರಿಚಿತವಾದುದೇ. ಆದರೆ ಆ ಹೆಸರಿಗೆ ಮೂಲವೆಂದು ಹೇಳಲಾಗುವ ‘ಜುನಿ ಮಸ್ಜಿದ್’ ಮುಸಲ್ಮಾನರದಲ್ಲ, ಯೆಹೂದಿಗಳ ಪ್ರಾರ್ಥನಾಮಂದಿರ ಎಂಬುದು ಅನೇಕರಿಗೆ ತಿಳಿದಿರಲಾರದು. ‘ಷಾರ್ ಹರಹಮೀಮ್’, ಎಂದರೆ ‘ಕರುಣೆಯ ದ್ವಾರ’, ಎಂಬ ಈ ಸಿನಗಾಗ್ ೧೭೯೬ರಲ್ಲಿ ಸ್ಥಾಪನೆಯಾದುದು. ಮುಂಬಯಿಯಲ್ಲಿ ಇದೇ ಅತ್ಯಂತ ಹಳೆಯದು. ಇದರ ಸ್ಥಾಪಕನಾದ ಸಾಮ್ಯುಯಲ್ ಎಜೆಕಿಯಲ್ ದಿವೇಕರ್ ಕಂಪನಿಯ ಸೈನ್ಯದಲ್ಲಿದ್ದು, ಎರಡನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಗೆ ಸಿಕ್ಕಿ, ಬಿಡುಗಡೆ ಹೊಂದಿದ ಬಳಿಕ ಹರಕೆಯಾಗಿ ಇದನ್ನು ಕಟ್ಟಿಸಿದನೆಂಬುದು ಆ ಸಮುದಾಯದ ಐತಿಹ್ಯ. ಹೀಗೆ ಮುಂಬಯಿಯ ಯೆಹೂದಿಗಳ ನೆನಪಿನಲ್ಲಿ ಕನ್ನಡನಾಡಿಗೂ ಒಂದು ಸ್ಥಾನವಿದೆ.

ದಿವೇಕರ್ ‘ಬೆನೆ ಇಸ್ರೇಲ್’ ಎಂಬ ಸಮುದಾಯಕ್ಕೆ ಸೇರಿದವನು. ಈ ಜನ ಶತಮಾನಗಳ ಕಾಲ ಕೊಂಕಣದ ಹಳ್ಳಿಗಳಲ್ಲಿ ನೆಲೆಸಿ, ಮರಾಠಿಯನ್ನು ತಾಯಿನುಡಿಯಾಗಿಸಿಕೊಂಡು, ಎಣ್ಣೆ ತೆಗೆಯುವ ವೃತ್ತಿಯಿಂದ ಬದುಕಿದರು. ಹೊರಗಿನ ಯೆಹೂದ್ಯ ಲೋಕದೊಡನೆ ಅವರ ಸಂಪರ್ಕ ಬಹುಕಾಲ ಕಡಿದುಹೋಗಿತ್ತು; ಹೀಬ್ರೂ ಭಾಷೆ ಬಹುಮಟ್ಟಿಗೆ ಮರೆತುಹೋಗಿತ್ತು; ದೇವರು ಒಬ್ಬನೇ ಎಂದು ಸಾರುವ ‘ಷೆಮಾ’ ಎಂಬ ಪ್ರಾರ್ಥನೆಯ ಕೆಲವು ಮಾತುಗಳಷ್ಟೇ ನಾಲಗೆಯ ಮೇಲೆ ಉಳಿದಿದ್ದವು. ಆದರೂ ನೆರೆಹೊರೆಯವರು ಅವರನ್ನು ಬೇರೆಯಾಗಿ ಗುರುತಿಸುತ್ತಿದ್ದರು. ಆ ಗುರುತು ವೇಷದಿಂದಲೋ ಭಾಷೆಯಿಂದಲೋ ಬಂದುದಲ್ಲ. ಇತರ ಗಾಣಿಗರ ಗಾಣಗಳು ತಿರುಗುತ್ತಿದ್ದ ಶನಿವಾರದಂದು ಇವರ ಗಾಣಗಳು ನಿಂತಿರುತ್ತಿದ್ದವು. ಆದುದರಿಂದ ಅವರಿಗೆ ‘ಶನಿವಾರ್ ತೇಲಿ’, ಎಂದರೆ ಶನಿವಾರದ ಗಾಣಿಗರು, ಎಂಬ ಹೆಸರು ಬಂದಿತು.

ಗ್ರಂಥವನ್ನೂ ಭಾಷೆಯನ್ನೂ ಕಳೆದುಕೊಂಡ ಒಂದು ಜನಾಂಗ ತನ್ನ ಧರ್ಮವನ್ನು ವಾರದ ಒಂದು ದಿನದಲ್ಲಿ ಉಳಿಸಿಕೊಂಡಿತು ಎಂಬುದು ವಿಚಾರಯೋಗ್ಯವಾದ ಸಂಗತಿ. ಕಾಲವನ್ನು ಯೆಹೂದಿಗಳು ಏನೆಂದು ತಿಳಿದರು? ಅದನ್ನು ಸಾರ್ಥಕಗೊಳಿಸುವುದೆಂದರೆ ಅವರ ದೃಷ್ಟಿಯಲ್ಲಿ ಯಾವುದು? ಈ ಪ್ರಶ್ನೆಗಳನ್ನು ಅವರ ಶಾಸ್ತ್ರಗ್ರಂಥಗಳ ಮತ್ತು ನಿತ್ಯಾಚರಣೆಯ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಬೈಬಲಿನ ವಿಮೋಚನಕಾಂಡದ ಹನ್ನೆರಡನೆಯ ಅಧ್ಯಾಯದಲ್ಲಿ ಒಂದು ಕುತೂಹಲಕರವಾದ ಸಂದರ್ಭವಿದೆ. ಇಸ್ರೇಲ್ಯರು ಇನ್ನೂ ಈಜಿಪ್ಟಿನಲ್ಲಿ ಗುಲಾಮರಾಗಿದ್ದಾರೆ. ಬಿಡುಗಡೆಯ ಹೊತ್ತು ಸಮೀಪಿಸಿದೆ. ಆಗ ಇಡೀ ಜನಾಂಗಕ್ಕೆ ದೊರೆಯುವ ಮೊದಲ ಆಜ್ಞೆ ಪೂಜೆಗಾಗಲಿ ಪ್ರಾರ್ಥನೆಗಾಗಲಿ ಸಂಬಂಧಿಸಿದುದಲ್ಲ. ಈ ತಿಂಗಳು ನಿಮಗೆ ತಿಂಗಳುಗಳಲ್ಲಿ ಮೊದಲನೆಯದಾಗಲಿ ಎಂಬುದು. ಹದಿನಾರನೆಯ ಶತಮಾನದ ಇಟಲಿಯ ವ್ಯಾಖ್ಯಾನಕಾರ ಒಬದ್ಯಾ ಸ್ಫೋರ್ನೊ ಇದಕ್ಕೆ ಮಾರ್ಮಿಕವಾದ ವಿವರಣೆ ನೀಡಿದ್ದಾನೆ. ದಾಸ್ಯದಲ್ಲಿದ್ದಾಗ ನಿಮ್ಮ ದಿನಗಳು ನಿಮ್ಮವಾಗಿರಲಿಲ್ಲ, ಒಡೆಯರ ಇಚ್ಛೆಗೆ ಒಳಪಟ್ಟಿದ್ದವು. ಇನ್ನು ಮುಂದೆ ತಿಂಗಳುಗಳು ನಿಮ್ಮವು ಎಂಬುದು ಅವನ ಮಾತಿನ ತಾತ್ಪರ್ಯ. ಗುಲಾಮನ ಮುಖ್ಯ ಲಕ್ಷಣ ಅವನ ಕಾಲ ಅವನದಲ್ಲದಿರುವುದು. ಸ್ವತಂತ್ರನ ಮೊದಲ ಆಸ್ತಿ ಅವನ ಪಂಚಾಂಗ. ಯೆಹೂದ್ಯ ಚಿಂತನೆಯಲ್ಲಿ ಕಾಲದ ಸದ್ವಿನಿಯೋಗದ ಪ್ರಶ್ನೆ ಹೀಗೆ ಒಡೆತನದ ಪ್ರಶ್ನೆಯೊಡನೆಯೇ ಆರಂಭವಾಗುತ್ತದೆ.

ಅವರ ಪಂಚಾಂಗ ನಮ್ಮದಕ್ಕೆ ತೀರ ಅಪರಿಚಿತವಾದುದಲ್ಲ. ಕರ್ನಾಟಕದ ಅಮಾಂತ ಪದ್ಧತಿಯಂತೆ ಅಲ್ಲಿಯೂ ಅಮಾವಾಸ್ಯೆಯ ಆಚೆಗೆ ತಿಂಗಳು ಮೊದಲಾಗುತ್ತದೆ. ಚಾಂದ್ರಮಾನವನ್ನು ಋತುಗಳಿಗೆ ಹೊಂದಿಸಲು ೧೯ ವರ್ಷಗಳಲ್ಲಿ ೭ ಸಲ ಅಧಿಕಮಾಸ ಬರುತ್ತದೆ. ನಮ್ಮಲ್ಲಿ ಬೇರೆ ಬೇರೆ ಮಾಸಗಳು ಅಧಿಕವಾದರೆ ಅಲ್ಲಿ ಅದಾರ್ ಮಾಸ ಮಾತ್ರ ಇಮ್ಮಡಿಯಾಗುತ್ತದೆ. ಆದರೆ ತಾತ್ತ್ವಿಕವಾದ ಒಂದು ವ್ಯತ್ಯಾಸವನ್ನು ಇಲ್ಲಿ ಗಮನಿಸಬೇಕು. ನಮ್ಮ ಮುಹೂರ್ತಶಾಸ್ತ್ರದಲ್ಲಿ ಶುಭಾಶುಭಗಳು ಗ್ರಹನಕ್ಷತ್ರಗಳ ಗತಿಯಿಂದ ನಿಶ್ಚಿತವಾದವು. ಮನುಷ್ಯ ಅವನ್ನು ಲೆಕ್ಕಹಾಕಿ ತಿಳಿಯುತ್ತಾನೆ. ಯೆಹೂದಿಗಳಲ್ಲಿ ಪ್ರಾಚೀನ ಕಾಲದಲ್ಲಿ ಚಂದ್ರದರ್ಶನ ಮಾಡಿದ ಸಾಕ್ಷಿಗಳ ಹೇಳಿಕೆಯನ್ನು ನ್ಯಾಯಮಂಡಲಿ ವಿಚಾರಿಸಿ, ಒಪ್ಪಿ, ಘೋಷಿಸಿದ ಮೇಲೆಯೇ ತಿಂಗಳು ಹುಟ್ಟುತ್ತಿತ್ತು. ಸಬ್ಬತ್ತು ಸೃಷ್ಟಿಯಿಂದಲೇ ಬಂದುದು. ಹಬ್ಬಗಳನ್ನಾದರೋ ಮನುಷ್ಯರ ನಿರ್ಣಯವೇ ಪವಿತ್ರಗೊಳಿಸುತ್ತಿತ್ತು.

ಈ ವಿಷಯದಲ್ಲಿ ಮಿಷ್ನಾ ಗ್ರಂಥದ ‘ರೋಷ್ ಹಷಾನಾ’ ಪ್ರಕರಣದಲ್ಲಿ ಒಂದು ಪ್ರಸಂಗವಿದೆ. ಮುಖ್ಯಸ್ಥನಾದ ರಬ್ಬಾನ್ ಗಮಲಿಯೇಲನು ಒಪ್ಪಿಕೊಂಡ ಸಾಕ್ಷ್ಯ ತಪ್ಪೆಂದು ವಿದ್ವಾಂಸನಾದ ರಬ್ಬಿ ಯೆಹೋಷುವನಿಗೆ ಅನ್ನಿಸಿತು. ಅವನ ಎಣಿಕೆಯಂತೆ ಪ್ರಾಯಶ್ಚಿತ್ತದ ಮಹಾದಿನ ಬೇರೊಂದು ದಿನ ಬೀಳುತ್ತಿತ್ತು. ಆ ದಿನದಂದೇ ಕೋಲನ್ನೂ ಹಣವನ್ನೂ ಹಿಡಿದು, ಎಂದರೆ ಕೆಲಸದ ದಿನದ ರೀತಿಯಲ್ಲಿ, ತನ್ನೆದುರಿಗೆ ಬರಬೇಕೆಂದು ಗಮಲಿಯೇಲ ಆಜ್ಞಾಪಿಸಿದ. ಯೆಹೋಷುವ ನೊಂದ, ಆದರೂ ಹೋದ. ಗಮಲಿಯೇಲ ಎದ್ದುನಿಂತು ಅವನ ತಲೆಗೆ ಮುತ್ತಿಟ್ಟು, ವಿದ್ಯೆಯಲ್ಲಿ ನೀನು ನನಗೆ ಗುರು, ನನ್ನ ಮಾತನ್ನು ಮನ್ನಿಸಿದುದರಲ್ಲಿ ಶಿಷ್ಯ ಎಂಬರ್ಥದಲ್ಲಿ ಸ್ವಾಗತಿಸಿದ. ಲೆಕ್ಕದ ನಿಖರತೆಗಿಂತ ಎಲ್ಲರೂ ಒಂದೇ ದಿನವನ್ನು ಹಂಚಿಕೊಳ್ಳುವುದು ದೊಡ್ಡದು ಎಂಬ ನಿಲುವು ಇಲ್ಲಿದೆ. ಮುಂದೆ ಗಣಿತದ ಆಧಾರದ ಸ್ಥಿರ ಪಂಚಾಂಗ ರೂಢಿಗೆ ಬಂದರೂ, ಕಾಲವನ್ನು ಅರ್ಥಪೂರ್ಣಗೊಳಿಸುವ ಹೊಣೆ ಮನುಷ್ಯನದೇ ಎಂಬ ಭಾವ ಉಳಿಯಿತು.

೩

ಯೆಹೂದ್ಯ ಧರ್ಮಶಾಸ್ತ್ರದ ಮೂಲಸಂಹಿತೆಯಾದ ಮಿಷ್ನಾ ಕ್ರಿ.ಶ. ೨೦೦ರ ಸುಮಾರಿಗೆ ರಬ್ಬಿ ಯೆಹೂದಾ ಹನಾಸಿಯಿಂದ ಸಂಕಲಿತವಾಯಿತು. ಇಂಥ ಗ್ರಂಥ ದೇವರ ಸ್ವರೂಪದಿಂದಲೋ ಸೃಷ್ಟಿಯ ವರ್ಣನೆಯಿಂದಲೋ ಆರಂಭವಾಗಬಹುದೆಂದು ನಾವು ನಿರೀಕ್ಷಿಸುತ್ತೇವೆ. ಆದರೆ ಅದು ಆರಂಭವಾಗುವುದು ಕಾಲವನ್ನು ಕುರಿತ ಒಂದು ಸಾಮಾನ್ಯ ಪ್ರಶ್ನೆಯಿಂದ: ಸಂಜೆಯ ಷೆಮಾ ಪಠಣವನ್ನು ಯಾವ ಹೊತ್ತಿನಿಂದ ಮಾಡಬಹುದು? ಅದರ ಹಿಂದೆಯೇ ಯಾವ ಹೊತ್ತಿನವರೆಗೆ ಎಂಬ ಚರ್ಚೆ ಬರುತ್ತದೆ. ರಾತ್ರಿಯ ಮೊದಲ ಜಾವ ಮುಗಿಯುವವರೆಗೆ ಎಂಬುದು ಒಬ್ಬನ ಮತ. ನಡುರಾತ್ರಿಯವರೆಗೆ ಎಂಬುದು ಪಂಡಿತರ ಮತ. ಬೆಳಗು ಹರಿಯುವವರೆಗೆ ಎಂಬುದು ಗಮಲಿಯೇಲನ ಮತ. ಅವನ ಮಕ್ಕಳು ಔತಣದಿಂದ ತಡವಾಗಿ ಹಿಂದಿರುಗಿ, ಪಠಣವಾಗಿಲ್ಲವೆಂದಾಗ, ಬೆಳಗಾಗಿಲ್ಲವಾದರೆ ನಿಮ್ಮ ಕರ್ತವ್ಯ ಇನ್ನೂ ಉಳಿದಿದೆ ಎಂದನಂತೆ. ವಿಳಂಬವಾದರೂ ಗಡುವು ಮುಗಿದಿಲ್ಲದಿದ್ದರೆ ಕಾಲ ಇನ್ನೂ ನಿಮ್ಮ ಕೈಯಲ್ಲಿದೆ ಎಂಬ ಆಶ್ವಾಸನೆ ಇದರಲ್ಲಿದೆ. ಆದರೆ ನಡುರಾತ್ರಿಯ ಗಡುವನ್ನು ಪಂಡಿತರು ಏಕೆ ಹಾಕಿದರು? ಮನುಷ್ಯ ಮುಂದೂಡುತ್ತ ಮುಂದೂಡುತ್ತ ತಪ್ಪಿನಿಂದ ದೂರವಿರಲಾರದವನಾಗುತ್ತಾನೆಂಬ ಕಾರಣದಿಂದ. ‘ಎಂದಿನಿಂದ’, ‘ಎಲ್ಲಿಯವರೆಗೆ’ ಎಂಬ ಈ ಎರಡು ಪ್ರಶ್ನೆಗಳೇ ಯೆಹೂದ್ಯ ಕಾಲವಿಚಾರದ ಎರಡು ಕಂಬಗಳೆನ್ನಬಹುದು.

ಸಂಜೆಯನ್ನು ಮೊದಲು ಹೇಳುವುದಕ್ಕೂ ಕಾರಣವಿದೆ. ಆದಿಕಾಂಡದ ಸೃಷ್ಟಿವರ್ಣನೆಯಲ್ಲಿ ಸಂಜೆ ಮುಂದಾಗಿ, ಬೆಳಗು ಹಿಂದಾಗಿ ಬರುತ್ತದೆ. ಆದುದರಿಂದ ಅವರ ದಿನ ಸೂರ್ಯಾಸ್ತಕ್ಕೆ ಆರಂಭವಾಗುತ್ತದೆ. ಅವರ ದಿನದ ಮೊದಲ ಭಾಗ ಮನೆ, ಊಟ, ನಿದ್ರೆ. ದುಡಿಮೆ ಬರುವುದು ಆಮೇಲೆ. ಬೆಳಗಿನ ಷೆಮಾ ಯಾವಾಗ? ನೀಲಿಗೂ ಬಿಳಿಗೂ ವ್ಯತ್ಯಾಸ ಕಣ್ಣಿಗೆ ತಿಳಿಯುವ ಹೊತ್ತಿನಿಂದ ಎನ್ನುತ್ತದೆ ಮಿಷ್ನಾ. ಗಡಿಯಾರವಿಲ್ಲದ ಕಾಲದಲ್ಲಿ ಬೆಳಕಿನ ಹದವನ್ನು ಕಂಡು ಹೊತ್ತು ತಿಳಿಯಬೇಕಾಗಿತ್ತು. ಹಗಲನ್ನು ಹನ್ನೆರಡು ಸಮಭಾಗ ಮಾಡಿ ಒಂದೊಂದನ್ನೂ ಒಂದು ತಾಸೆಂದು ಎಣಿಸುತ್ತಿದ್ದರು. ಬೇಸಗೆಯ ತಾಸು ದೀರ್ಘ, ಚಳಿಗಾಲದ ತಾಸು ಹ್ರಸ್ವ. ಹಗಲನ್ನು ಎಂಟು ಭಾಗ ಮಾಡಿ ರಾಹುಕಾಲವನ್ನು ಗೊತ್ತುಪಡಿಸುವ ನಮ್ಮವರಿಗೆ ಈ ಕ್ರಮ ಹೊಸದಲ್ಲ. ಇಂದಿಗೂ ಪ್ರಾರ್ಥನೆಯ ವೇಳೆಗಳು ಈ ಲೆಕ್ಕದಿಂದಲೇ ನಿಶ್ಚಯವಾಗುತ್ತವೆ.

ಬೆಳಗು, ಮಧ್ಯಾಹ್ನೋತ್ತರ, ರಾತ್ರಿ ಹೀಗೆ ಮೂರು ಹೊತ್ತಿನ ಪ್ರಾರ್ಥನೆ ನಿಯತವಾದುದು. ಇವುಗಳಲ್ಲಿ ನಡುವಿನದು ಕಷ್ಟದ್ದು. ವ್ಯವಹಾರ ಉಕ್ಕುತ್ತಿರುವಾಗಲೇ ಕೈಬಿಟ್ಟು ಎದ್ದೇಳಬೇಕಾದುದು. ಇದಲ್ಲದೆ ದಿನಕ್ಕೆ ನೂರು ಸ್ತುತಿವಾಕ್ಯಗಳನ್ನು ಹೇಳಬೇಕೆಂಬುದು ತಾಲ್ಮುದ್ ಗ್ರಂಥದಲ್ಲಿ ರಬ್ಬಿ ಮೇಯಿರನ ಹೆಸರಿನಲ್ಲಿ ಬರುವ ವಿಧಿ. ಎಚ್ಚರವಾದಾಗ, ರೊಟ್ಟಿ ಮುರಿದಾಗ, ಹಣ್ಣು ತಿಂದಾಗ, ಗುಡುಗು ಕೇಳಿದಾಗ, ಮಳೆಬಿಲ್ಲು ಕಂಡಾಗ ಹೇಳಬೇಕಾದ ಮಾತುಗಳು ಬೇರೆಬೇರೆ. ಹೊಸ ಹಣ್ಣನ್ನು ಋತುವಿನಲ್ಲಿ ಮೊದಲ ಬಾರಿಗೆ ತಿನ್ನುವಾಗಲೂ ಹಬ್ಬ ಬಂದಾಗಲೂ, ನಮ್ಮನ್ನು ಈ ಕಾಲಕ್ಕೆ ತಲುಪಿಸಿದುದಕ್ಕಾಗಿ ಕೃತಜ್ಞತೆ ಸಲ್ಲಿಸುವ ವಿಶೇಷ ಸ್ತುತಿಯೊಂದಿದೆ. ಇವೆಲ್ಲ ಕ್ಷಣಮಾತ್ರದ ಕ್ರಿಯೆಗಳು. ಆದರೆ ಗಮನವಿಲ್ಲದೆ ಹರಿದುಹೋಗುವ ದಿನವನ್ನು ಅಲ್ಲಲ್ಲಿ ತಡೆದು ನಿಲ್ಲಿಸುವ ಶಕ್ತಿ ಅವಕ್ಕಿದೆ.

೪

ದಿನಕ್ಕಿಂತ ವಾರದಲ್ಲಿ ಈ ಗಡಿಯ ಕಲ್ಪನೆ ಹೆಚ್ಚು ಸ್ಫುಟವಾಗಿದೆ. ಶುಕ್ರವಾರ ಸೂರ್ಯಾಸ್ತಕ್ಕೆ ಮುನ್ನ, ರೂಢಿಯಂತೆ ೧೮ ನಿಮಿಷ ಮೊದಲು, ಮನೆಯೊಡತಿ ದೀಪ ಹಚ್ಚುತ್ತಾಳೆ. ಶನಿವಾರ ರಾತ್ರಿ ಮೂರು ನಕ್ಷತ್ರ ಕಾಣಿಸುವವರೆಗೆ ಸಬ್ಬತ್ತು. ಅಂದು ನಿಷಿದ್ಧವಾದ ಕೆಲಸಗಳು ನಲವತ್ತಕ್ಕೆ ಒಂದು ಕಡಿಮೆ ಎಂದು ಮಿಷ್ನಾ ಪಟ್ಟಿಮಾಡುತ್ತದೆ. ಬಿತ್ತನೆಯಿಂದ ರೊಟ್ಟಿ ಸುಡುವವರೆಗೆ ಆಹಾರಕ್ಕೆ ಸಂಬಂಧಿಸಿದವು ೧೧. ಉಣ್ಣೆ ಕತ್ತರಿಸುವುದರಿಂದ ಹೊಲಿಗೆಯವರೆಗೆ ಬಟ್ಟೆಗೆ ಸಂಬಂಧಿಸಿದವು ೧೩. ಬೇಟೆ ಮತ್ತು ಚರ್ಮದ ಕೆಲಸಗಳು ೭. ಎರಡು ಅಕ್ಷರ ಬರೆಯುವುದು, ಬರೆಯಲೆಂದು ಎರಡು ಅಕ್ಷರ ಅಳಿಸುವುದು. ಕಟ್ಟುವುದು, ಕೆಡವುವುದು, ಬೆಂಕಿ ಹೊತ್ತಿಸುವುದು, ಆರಿಸುವುದು, ಸುತ್ತಿಗೆಯ ಕೊನೆಯ ಪೆಟ್ಟು, ಹೊರೆ ಸಾಗಿಸುವುದು. ಮರುಭೂಮಿಯಲ್ಲಿ ದೇವದರ್ಶನದ ಗುಡಾರವನ್ನು ನಿರ್ಮಿಸಲು ಬೇಕಾದ ಕೆಲಸಗಳೇ ಇವು ಎಂಬುದು ಪಾರಂಪರಿಕ ವಿವರಣೆ. ಇಲ್ಲಿ ನಿಷೇಧ ಶ್ರಮಕ್ಕಲ್ಲ, ಲೋಕವನ್ನು ಮಾರ್ಪಡಿಸುವ ಕ್ರಿಯೆಗೆ. ಭಾರವಾದ ಮೇಜನ್ನು ಮನೆಯೊಳಗೆ ಸರಿಸಬಹುದು. ಎರಡು ಅಕ್ಷರ ಬರೆಯುವಂತಿಲ್ಲ!

ಈ ವಿಶ್ರಾಂತಿ ಯಜಮಾನನೊಬ್ಬನದಲ್ಲ. ದಶಾಜ್ಞೆಯ ಪ್ರಕಾರ ಮಗ, ಮಗಳು, ಆಳು, ಎತ್ತು, ಕತ್ತೆ, ಊರಿನಲ್ಲಿರುವ ಪರದೇಶಿ ಎಲ್ಲರಿಗೂ ಅದು ಸಲ್ಲಬೇಕು. ನೀನೂ ಈಜಿಪ್ಟಿನಲ್ಲಿ ದಾಸನಾಗಿದ್ದೆ ಎಂಬುದನ್ನು ನೆನೆ ಎಂದು ಧರ್ಮೋಪದೇಶಕಾಂಡ ಕಾರಣ ಹೇಳುತ್ತದೆ. ಕೊಂಕಣದ ಗಾಣ ಶನಿವಾರ ನಿಂತಾಗ ಅದರ ಎತ್ತಿಗೂ ನೊಗ ಇಳಿಯುತ್ತಿತ್ತು. ಪ್ರಾಣಾಪಾಯದ ಸಂದರ್ಭದಲ್ಲಿ ಮಾತ್ರ ಸಬ್ಬತ್ತನ್ನು ಮುರಿಯಬಹುದು ಎನ್ನುವುದಕ್ಕಿಂತ ಮುರಿಯಲೇಬೇಕು. ಮುಂದೆ ಅನೇಕ ಸಬ್ಬತ್ತುಗಳನ್ನು ಆಚರಿಸಲು ಆ ಜೀವ ಉಳಿಯಲಿ ಎಂಬುದು ತಾಲ್ಮುದಿನ ಸಮರ್ಥನೆ. ಕಾಲದ ಪಾವಿತ್ರ್ಯವೂ ಜೀವಕ್ಕಿಂತ ಮಿಗಿಲಲ್ಲ.

ಸಬ್ಬತ್ತಿನ ಸಿದ್ಧತೆಯನ್ನು ಕುರಿತು ಶಮ್ಮಾಯಿ ಮತ್ತು ಹಿಲ್ಲೇಲ್ ಎಂಬ ಇಬ್ಬರು ಆಚಾರ್ಯರ ರೀತಿಗಳನ್ನು ತಾಲ್ಮುದ್ ಹೋಲಿಸುತ್ತದೆ. ಒಳ್ಳೆಯ ಪಶುವೊಂದು ಕಣ್ಣಿಗೆ ಬಿದ್ದರೆ ಶಮ್ಮಾಯಿ ಅದನ್ನು ಸಬ್ಬತ್ತಿಗೆಂದು ಕೊಳ್ಳುತ್ತಿದ್ದ. ಇನ್ನೂ ಒಳ್ಳೆಯದು ಸಿಕ್ಕರೆ ಅದನ್ನು ಕಾದಿರಿಸಿ ಮೊದಲಿನದನ್ನು ಉಣ್ಣುತ್ತಿದ್ದ. ಅವನ ವಾರವೆಲ್ಲ ಆ ಒಂದು ದಿನದ ಕಡೆಗೆ ಮುಖಮಾಡಿತ್ತು. ಹಿಲ್ಲೇಲನಾದರೋ ಅಂದಂದಿನ ದಿನಕ್ಕೆ ಅಂದಂದೇ ಕೃತಜ್ಞತೆ ಸಲ್ಲಿಸುತ್ತಿದ್ದ. ಪರಂಪರೆ ಎರಡನ್ನೂ ಉಳಿಸಿಕೊಂಡಿದೆ. ವಿಶೇಷ ದಿನದ ನಿರೀಕ್ಷೆಯಲ್ಲಿ ಸಾಮಾನ್ಯ ದಿನ ಬರಿದಾಗಬಾರದು ಎಂಬ ಎಚ್ಚರವನ್ನು ಇದರಿಂದ ಗ್ರಹಿಸಬಹುದು.

ವಾರ್ಸಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಅಬ್ರಹಾಂ ಯೋಷುವ ಹೆಶೆಲ್ (೧೯೦೭–೧೯೭೨) ೧೯೫೧ರಲ್ಲಿ ಪ್ರಕಟಿಸಿದ ‘ದ ಸಬ್ಬತ್’ ಎಂಬ ಪುಸ್ತಕದಲ್ಲಿ ಈ ಆಚರಣೆಗೆ ಆಧುನಿಕ ವ್ಯಾಖ್ಯಾನವನ್ನು ನೀಡಿದ. ಬೈಬಲಿನಲ್ಲಿ ಮೊಟ್ಟಮೊದಲು ಪವಿತ್ರವೆಂದು ಕರೆಯಲ್ಪಟ್ಟುದು ಬೆಟ್ಟವಲ್ಲ, ಗುಡಿಯಲ್ಲ, ಏಳನೆಯ ದಿನ ಎಂಬುದನ್ನು ಎತ್ತಿ ತೋರಿಸಿ, ಯೆಹೂದಿಗಳ ವಾಸ್ತುಶಿಲ್ಪ ಕಾಲದಲ್ಲಿ ರಚಿತವಾದುದು ಎಂದು ಆತ ವಾದಿಸಿದ. ಜೆರೂಸಲೇಮಿನ ದೇವಾಲಯ ಕ್ರಿ.ಶ. ೭೦ರಲ್ಲಿ ರೋಮನರ ಕೈಯಲ್ಲಿ ನಾಶವಾಯಿತು. ಶನಿವಾರವನ್ನು ಯಾರೂ ಸುಡಲಾಗಲಿಲ್ಲ. ಸ್ಥಾವರ ಮತ್ತು ಜಂಗಮಗಳನ್ನು ಕುರಿತ ಬಸವಣ್ಣನ ವಿಚಾರವನ್ನು ಬಲ್ಲ ಕನ್ನಡ ಓದುಗನಿಗೆ ಈ ಮಾತು ಹತ್ತಿರದ್ದೆನಿಸುವುದು ಸಹಜ. ಆದರೆ ಸಾಮ್ಯವನ್ನು ಹೆಚ್ಚು ಎಳೆಯಬಾರದು. ವಚನಕಾರರ ಕಾಯಕತತ್ತ್ವದಲ್ಲಿ ದುಡಿಮೆಯೇ ಪೂಜೆಯ ನೆಲೆಗೆ ಏರುತ್ತದೆ; ದಿನದಿನಗಳ ನಡುವೆ ಮೇಲುಕೀಳಿಲ್ಲ. ಯೆಹೂದಿಗಳಲ್ಲಿ ಆರು ದಿನದ ದುಡಿಮೆಗೂ ಆಜ್ಞೆಯ ಗೌರವವಿದೆ, ಆದರೆ ದುಡಿಮೆಯನ್ನು ನಿಲ್ಲಿಸುವುದೇ ಪೂಜೆ. ಒಂದು ಕೆಲಸವನ್ನು ಪವಿತ್ರಗೊಳಿಸುವ ದಾರಿ. ಇನ್ನೊಂದು ಕೆಲಸಕ್ಕೆ ಮೇರೆ ಹಾಕುವ ದಾರಿ.

೫

ಉಳಿದ ಆರು ದಿನಗಳ ಕಾಲವನ್ನು ಹೇಗೆ ಹಂಚಬೇಕು? ಜೀವನೋಪಾಯಕ್ಕೆ ಎಷ್ಟು, ಅಧ್ಯಯನಕ್ಕೆ ಎಷ್ಟು? ತಾಲ್ಮುದಿನಲ್ಲಿ ಇದು ಬಿಸಿಯಾದ ಚರ್ಚೆ. ಉಳುವ ಕಾಲಕ್ಕೆ ಉತ್ತು, ಬಿತ್ತುವ ಕಾಲಕ್ಕೆ ಬಿತ್ತಿ, ಅದರೊಡನೆ ತೋರಾವನ್ನು ಓದಬೇಕೆಂದು ರಬ್ಬಿ ಇಷ್ಮಾಯೇಲನ ಅಭಿಪ್ರಾಯ. ಹಾಗೆ ಎಲ್ಲ ಕಾಲಕ್ಕೂ ಒಂದೊಂದು ಕೆಲಸವಿದ್ದರೆ ಓದುವುದು ಯಾವಾಗ ಎಂದು ರಬ್ಬಿ ಷಿಮೋನ್ ಬರ್ ಯೋಹಾಯಿಯ ಆಕ್ಷೇಪ. ಇಷ್ಮಾಯೇಲನಂತೆ ನಡೆದ ಬಹುಮಂದಿಗೆ ಕೈಗೂಡಿತು, ಷಿಮೋನನಂತೆ ನಡೆದ ಬಹುಮಂದಿಗೆ ಕೈಗೂಡಲಿಲ್ಲ ಎಂದು ನಂತರದ ಕಾಲದ ಅಬಯೆ ತೀರ್ಪು ಕೊಡುತ್ತಾನೆ. ಅವನ ಸಮಕಾಲೀನ ರಾವಾ ತನ್ನ ಶಿಷ್ಯರಿಗೆ, ಸುಗ್ಗಿಯ ನಿಸಾನ್ ಮಾಸದಲ್ಲಿಯೂ ದ್ರಾಕ್ಷಿ ಮತ್ತು ಎಣ್ಣೆಯ ಕೆಲಸ ನಡೆಯುವ ತಿಶ್ರಿ ಮಾಸದಲ್ಲಿಯೂ ನನ್ನೆದುರಿಗೆ ಬರಬೇಡಿ, ಇಲ್ಲದಿದ್ದರೆ ವರ್ಷವಿಡೀ ಅನ್ನದ ಚಿಂತೆ ನಿಮ್ಮನ್ನು ಕಾಡುತ್ತದೆ ಎಂದನಂತೆ.

ಇದೇ ಷಿಮೋನನ ಕಥೆಯೊಂದು ಈ ಸಂಘರ್ಷವನ್ನು ಬಹಳ ಆಳವಾಗಿ ಚಿತ್ರಿಸುತ್ತದೆ. ರೋಮನರ ಮರಣದಂಡನೆಗೆ ಹೆದರಿ ಅವನೂ ಅವನ ಮಗನೂ ಹನ್ನೆರಡು ವರ್ಷ ಗುಹೆಯಲ್ಲಿ ಅಡಗಿ ಅಧ್ಯಯನದಲ್ಲಿ ಮುಳುಗಿದ್ದರು. ಹೊರಬಂದಾಗ ಜನ ಹೊಲ ಉಳುತ್ತಿರುವುದನ್ನು ಕಂಡು, ನಿತ್ಯಜೀವನವನ್ನು ಬಿಟ್ಟು ಅನಿತ್ಯದಲ್ಲಿ ತೊಡಗಿದ್ದಾರಲ್ಲಾ ಎಂದು ಕೆರಳಿದರು. ಅವರ ದೃಷ್ಟಿ ಬಿದ್ದ ಕಡೆಯೆಲ್ಲ ಸುಟ್ಟು ಬೂದಿಯಾಯಿತು. ನನ್ನ ಲೋಕವನ್ನು ನಾಶಮಾಡಲು ಹೊರಬಂದಿರಾ, ಗುಹೆಗೆ ಹಿಂದಿರುಗಿ ಎಂದು ಆಕಾಶವಾಣಿಯಾಯಿತು. ಇನ್ನೊಂದು ವರ್ಷ ಕಳೆದು ಮತ್ತೆ ಬಂದಾಗ, ಶುಕ್ರವಾರದ ಮುಸ್ಸಂಜೆಯಲ್ಲಿ ಮುದುಕನೊಬ್ಬ ಸುಗಂಧದ ಎಲೆಗಳ ಎರಡು ಕಟ್ಟುಗಳನ್ನು ಹಿಡಿದು ಓಡುತ್ತಿದ್ದ. ಏಕೆಂದು ಕೇಳಿದರೆ, ಸಬ್ಬತ್ತಿನ ಗೌರವಕ್ಕೆ ಎಂದ. ಒಂದು ಸಾಲದೆ ಎಂದಾಗ, ಸಬ್ಬತ್ತನ್ನು ನೆನೆಯಬೇಕೆಂಬ ಆಜ್ಞೆಗೊಂದು, ಕಾಪಾಡಬೇಕೆಂಬ ಆಜ್ಞೆಗೊಂದು ಎಂದು ಉತ್ತರ ಕೊಟ್ಟ. ಆಗ ತಂದೆಮಕ್ಕಳ ಮನಸ್ಸು ತಣಿಯಿತು. ಲೋಕವನ್ನೇ ಸುಡಬಲ್ಲ ಪಾಂಡಿತ್ಯವನ್ನು ಶಾಂತಗೊಳಿಸಿದವನು ಇನ್ನೊಬ್ಬ ಪಂಡಿತನಲ್ಲ; ದುಡಿದು ದಣಿದ ವಾರದ ಕೊನೆಗೆ ಎಲೆಯ ಕಟ್ಟನ್ನು ಹಿಡಿದು ಮನೆಗೆ ಓಡುವ ಒಬ್ಬ ಮುದುಕ.

ಹಾಗಾದರೆ ದುಡಿಯುವವನ ಓದು ಹೇಗೆ ಉಳಿಯಬೇಕು? ಇದಕ್ಕೆ ಕಂಡುಕೊಂಡ ಉಪಾಯ ‘ನಿಯತಕಾಲ’. ಮರಣಾನಂತರದ ವಿಚಾರಣೆಯಲ್ಲಿ ಕೇಳಲಾಗುವ ಪ್ರಶ್ನೆಗಳನ್ನು ರಾವಾ ಹೇಳುತ್ತಾನೆ. ಮೊದಲನೆಯದು, ವ್ಯವಹಾರದಲ್ಲಿ ಪ್ರಾಮಾಣಿಕನಾಗಿದ್ದೆಯಾ ಎಂಬುದು. ಎರಡನೆಯದು, ತೋರಾ ಅಧ್ಯಯನಕ್ಕೆ ಹೊತ್ತುಗಳನ್ನು ಗೊತ್ತುಮಾಡಿಕೊಂಡಿದ್ದೆಯಾ ಎಂಬುದು. ಎಷ್ಟು ಓದಿದೆ ಎಂಬ ಪ್ರಶ್ನೆಯಿಲ್ಲ! ಬಿಡುವಾದಾಗ ಓದುತ್ತೇನೆ ಎನ್ನಬೇಡ, ಬಿಡುವು ದೊರೆಯದೆಯೇ ಹೋಗಬಹುದು ಎಂದು ಹಿಲ್ಲೇಲ್ ಎಚ್ಚರಿಸಿದ. ಕೆಲಸವನ್ನು ಪೂರೈಸುವ ಹೊಣೆ ನಿನ್ನದಲ್ಲ, ಆದರೆ ಅದನ್ನು ಬಿಟ್ಟುಬಿಡುವ ಸ್ವಾತಂತ್ರ್ಯವೂ ನಿನಗಿಲ್ಲ ಎಂಬುದು ರಬ್ಬಿ ತರ್ಫೋನನ ಉಪದೇಶದ ಸಾರ.

ಈ ತತ್ತ್ವದ ಆಧುನಿಕ ರೂಪವೇ ‘ದಫ್ ಯೋಮಿ’, ಎಂದರೆ ದಿನಕ್ಕೊಂದು ಹಾಳೆ. ಪೋಲೆಂಡಿನ ರಬ್ಬಿ ಮೇಯಿರ್ ಷಪೀರೊ ೧೯೨೩ರಲ್ಲಿ ಇದನ್ನು ಸೂಚಿಸಿದ. ಲೋಕದ ಎಲ್ಲೆಡೆಯ ಯೆಹೂದಿಗಳು ಒಂದು ದಿನ ತಾಲ್ಮುದಿನ ಒಂದೇ ಹಾಳೆಯನ್ನು ಓದಿದರೆ ೨೭೧೧ ಹಾಳೆಗಳು ಸುಮಾರು ಏಳೂವರೆ ವರ್ಷದಲ್ಲಿ ಮುಗಿಯುತ್ತವೆ. ಯುರೋಪಿನ ಯೆಹೂದಿಗಳ ಸಂಹಾರದ ಬಳಿಕವೂ ಆ ಓದು ನಿಲ್ಲಲಿಲ್ಲ. ಹದಿನಾಲ್ಕನೆಯ ಆವರ್ತ ೨೦೨೦ರ ಜನವರಿಯಲ್ಲಿ ಆರಂಭವಾಯಿತು. ವ್ಯಾಪಾರಿಗಳು, ವೈದ್ಯರು, ಗುಮಾಸ್ತರು ಬೆಳಗಿನ ರೈಲಿನಲ್ಲಿ ಕುಳಿತು ಅಂದಂದಿನ ಹಾಳೆಯನ್ನು ಓದುತ್ತಾರೆ.

೬

ಈ ವ್ಯವಸ್ಥೆಯ ಮಿತಿಗಳನ್ನೂ ಹೇಳದಿದ್ದರೆ ವಿವೇಚನೆ ಪೂರ್ಣವಾಗದು. ನಿರ್ದಿಷ್ಟ ಕಾಲಕ್ಕೆ ಮಾಡಬೇಕಾದ ವಿಧಿಗಳಿಂದ ಮಿಷ್ನಾ ಸ್ತ್ರೀಯರಿಗೆ ವಿನಾಯಿತಿ ಕೊಟ್ಟಿದೆ. ಹೆಂಡತಿಯ ಹೊತ್ತು ಗಂಡನ ಅಗತ್ಯಗಳಿಗೆ ಮೀಸಲಾದುದರಿಂದ ಹೀಗೆ ಎಂದು ಹದಿನಾಲ್ಕನೆಯ ಶತಮಾನದ ಸ್ಪೇನಿನ ದಾವೀದ್ ಅಬುದರ್ಹಾಮ್ ಕಾರಣ ಕೊಟ್ಟ. ಕಾಲದ ಒಡೆತನವೇ ಸ್ವಾತಂತ್ರ್ಯವೆಂದು ಸಾರಿದ ಪರಂಪರೆ ಮನೆಯೊಳಗಿನ ಅರ್ಧದಷ್ಟು ಜನಕ್ಕೆ ಆ ಒಡೆತನವನ್ನು ಪೂರ್ತಿಯಾಗಿ ಕೊಡಲಿಲ್ಲ ಎಂದು ಇಂದಿನ ಯೆಹೂದಿ ಮಹಿಳೆಯರೇ ಪ್ರಶ್ನಿಸಿದ್ದಾರೆ. ೨೦೨೦ರ ಜನವರಿಯಲ್ಲಿ ಜೆರೂಸಲೇಮಿನಲ್ಲಿ ಸಾವಿರಾರು ಮಹಿಳೆಯರು ಸೇರಿ ತಾಲ್ಮುದ್ ಪಠಣದ ಸಮಾಪ್ತಿಯನ್ನು ಆಚರಿಸಿದುದು ಈ ಪ್ರಶ್ನೆಗೆ ಕ್ರಿಯಾರೂಪದ ಉತ್ತರವಾಗಿದೆ.

ಕೊನೆಯದಾಗಿ ಎಣಿಕೆಯ ಒಂದು ಆಚರಣೆಯನ್ನು ಹೇಳಬೇಕು. ಪಸ್ಕ ಹಬ್ಬದ ಎರಡನೆಯ ರಾತ್ರಿಯಿಂದ ೪೯ ರಾತ್ರಿಗಳು, ಇಂದು ಇಷ್ಟನೆಯ ದಿನ ಎಂದು ಸ್ತುತಿಪೂರ್ವಕವಾಗಿ ಬಾಯಿಬಿಟ್ಟು ಎಣಿಸಬೇಕು. ‘ಓಮೇರ್’ ಎಣಿಕೆಯೆಂದು ಇದರ ಹೆಸರು. ಒಂದು ಇಡೀ ದಿನ ಮರೆತರೆ, ವ್ಯಾಪಕವಾದ ರೂಢಿಯಂತೆ, ಎಣಿಕೆಯನ್ನು ಮುಂದುವರಿಸಬೇಕು, ಆದರೆ ಸ್ತುತಿಯನ್ನು ಹೇಳುವಂತಿಲ್ಲ. ಕಳೆದ ದಿನ ಮರಳಿ ಬಾರದು. ಹಾಗೆಂದು ಉಳಿದ ದಿನಗಳನ್ನು ಎಣಿಸದೆ ಬಿಡಲೂ ಆಗದು. ದಿನಗಳನ್ನು ಎಣಿಸಲು ಕಲಿಸೆಂಬ ತೊಂಬತ್ತನೆಯ ಕೀರ್ತನೆಯ ಬೇಡಿಕೆ ಇಲ್ಲಿ ಆಚರಣೆಯಾಗಿದೆ.

ಬೆನೆ ಇಸ್ರೇಲರಲ್ಲಿ ಹೆಚ್ಚಿನವರು ೧೯೪೮ರ ನಂತರ ಇಸ್ರೇಲಿಗೆ ವಲಸೆ ಹೋದರು. ಮುಂಬಯಿ, ಠಾಣೆಗಳ ಸುತ್ತ ಕೆಲವು ಸಾವಿರ ಮಂದಿ ಉಳಿದಿದ್ದಾರೆ. ಗಾಣಗಳೂ ಹೋದವು. ಆದರೆ ಪರಸ್ಥಳಕ್ಕೆ ಬಂದು ಅನ್ಯಭಾಷೆಯ ನಡುವೆ ಬದುಕುವ ಜನ ತಮ್ಮತನವನ್ನು ಯಾವುದರಲ್ಲಿ ಉಳಿಸಿಕೊಳ್ಳಬಹುದೆಂಬುದಕ್ಕೆ ಅವರು ಬಿಟ್ಟುಹೋದ ಉತ್ತರ ಹೊರನಾಡ ಕನ್ನಡಿಗರ ಪಾಲಿಗೆ ಪರಕೀಯವಲ್ಲ. ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು, ರಾತ್ರಿಶಾಲೆಗಳ ಬೆಂಚಿನಲ್ಲಿ ತೂಕಡಿಸುತ್ತಲೇ ಕನ್ನಡ ಓದಿದ ಹುಡುಗರ ಒಂದು ಪರಂಪರೆಯೇ ಮುಂಬಯಿಯಲ್ಲಿದೆ. ಅವರ ಹಗಲು ಮಾಲೀಕನದಾಗಿತ್ತು. ರಾತ್ರಿಯ ಆ ಎರಡು ತಾಸು ಅವರದಾಗಿತ್ತು. ಬಿಡುವಾದಾಗ ಓದೋಣವೆಂದು ಅವರು ಕಾದಿದ್ದರೆ ಇಂದಿನ ಮುಂಬಯಿ ಕನ್ನಡ ಲೋಕದ ಬಹುಭಾಗ ಇರುತ್ತಿರಲಿಲ್ಲ.